ನಾಯಿಗೆ ಹೇಳುವ ಮಾತು

"ಇಂಗ್ಲಿಷ್‌ನಾಗೆ 'ಶನ್' ಅಂದ್ರೆ ಬೇಕಂತ್ಲೇ ದೂರ ಇಡೋದು," ಎಂದು ಲತಾ ಒಲೆಯ ಮುಂದೆ ಕೂತಿದ್ದ ಅವ್ವನಿಗೆ ಹೇಳಿದಳು. "ಹಳೇ ಇಂಗ್ಲಿಷ್‌ನಾಗೆ ಅಸಹ್ಯಪಡೋದು ಅಂತಿತ್ತಂತೆ. ಆಮೇಲೆ ಹೆದರಿ ಹಿಂದೆ ಸರಿಯೋದು ಅಂತಾತು. ಅದರ ಬೇರು ಎಲ್ಲೈತೋ ಯಾರಿಗೂ ಗೊತ್ತಿಲ್ಲ ಅಂದ್ರು ಮೇಷ್ಟ್ರು. ಆ ಪದ ಹಾಕಿ ಸ್ವಂತ ವಾಕ್ಯ ಬರಕಂಡ್ ಹೋಗ್ಬೇಕು. ನಿನ್ನೂ ದೊಡ್ಡವ್ವನ್ನೂ ಸೇರಿಸಿ ಬರೀಲಾ?"

"ನಾನ್ಯಾರಿಗೆ ಅಸಹ್ಯಪಟ್ಟೀನಿ?" ನಾಗಕ್ಕ ರೊಟ್ಟಿ ತಿರುವಿ ಹಾಕಿದಳು. "ಮಾತು ಬಿಟ್ಟೀನಿ, ಅಷ್ಟೆ. ಬರೀತಾಳಂತೆ."

ಯಲ್ಲದಕೆರೆಯಲ್ಲಿ ಮಾತು ಬಿಡುವುದೆಂದರೆ ಸುಮ್ಮನಿರುವುದಲ್ಲ. ಎದುರುಮನೆಯ ವಾರಗಿತ್ತಿ ವೀರಮ್ಮ ತನ್ನ ಮೊಮ್ಮಗಳ ನಾಮಕರಣಕ್ಕೆ ನಾಗಕ್ಕನನ್ನು ತಾನೇ ಬಂದು ಕುಂಕುಮ ಕೊಟ್ಟು ಕರೆಯದೆ ಯಾರ ಕೈಲೋ ಹೇಳಿ ಕಳಿಸಿದ್ದಳು. ಅವತ್ತಿನಿಂದ ಇಬ್ಬರೂ ಹೇಳಬೇಕಾದ್ದನ್ನೆಲ್ಲ ಅಂಗಳದಲ್ಲಿ ಮಲಗಿರುವ ನಾಯಿಗೆ ಹೇಳುತ್ತಾರೆ. "ಲೇ ಕರಿಯ, ಕೆಲವರ ಹಿತ್ತಲಿಗೆ ಕುರಿ ನುಗ್ಗೈತೆ," ಎಂದು ಇವಳು. "ನೋಡೀವಿ ಅನ್ನು ಕರಿಯ," ಎಂದು ಅವಳು. ಆ ನಾಯಿಗೆ ತಿಳಿದಷ್ಟು ಸಂಸಾರದ ಗುಟ್ಟು ಹಿರಿಯೂರು ತಾಲ್ಲೂಕಿನಲ್ಲಿ ಯಾರಿಗೂ ತಿಳಿದಿರಲಿಕ್ಕಿಲ್ಲ.

ಇವತ್ತು ವೀರಮ್ಮ ಊರು ಬಿಡುತ್ತಿದ್ದಳು. ಗಂಡ ಅಂಜನಪ್ಪ ಐಮಂಗಲದ ಹೈವೇ ಪಕ್ಕ ಹೋಟ್ಲು ಹಾಕಿದ್ದ. ಇನ್ನು ಸಂಸಾರವೂ ಅಲ್ಲೇ. ಇದನ್ನೂ ಅವಳು ನಿನ್ನೆ ಕರಿಯನಿಗೇ ಹೇಳಿದ್ದು. ಹೀಗೇ ಕಳಿಸಿಬಿಟ್ಟರೆ ಇದು ಜನ್ಮಕ್ಕೂ ಹೀಗೇ ಉಳಿಯುತ್ತದೆ ಎಂದು ನಾಗಕ್ಕನಿಗೆ ರಾತ್ರಿಯೆಲ್ಲ ಸಂಕಟವಾಗಿತ್ತು.

"ಬಸ್ಸಿಗೆ ಹೊತ್ತಾತು. ಹೋಗಿ ಮಾತಾಡ್ಸವ್ವ," ಎಂದಳು ಲತಾ. "ಹೆದರಿಕೇನಾ?"

"ನಂಗಾ? ನೋಡ್ತಿರು."

ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ನಾಗಕ್ಕ ಹೊರಗೆ ಬಂದಳು. ಎದುರುಮನೆಯ ಬಾಗಿಲಿಗೆ ವೀರಮ್ಮ ಬೀಗ ಹಾಕುತ್ತಿದ್ದಳು. ನಾಗಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳದ ನಡುವೆ ನಿಂತಳು.

"ಲೇ ಕರಿಯ, ದಾರೀಲಿ ಹಸಿವಾಗ್ತೈತೆ, ಬುತ್ತಿ ತಗಂಡ್ ಹೋಗ್ಬೇಕಂತೆ ಅನ್ನು."

ಕರಿಯ ಮಲಗುವ ಜಾಗದಲ್ಲಿ ಏನೂ ಇರಲಿಲ್ಲ. ವೀರಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಚೀಲ ಕೆಳಗಿಟ್ಟಳು.

"ಕರಿಯ ಇಲ್ಲ ಕಣೆ ನಾಗಿ," ಎಂದಳು. "ಕುರಿ ಹಿಂದೆ ಹೋಗೈತೆ."

"ಗೊತ್ತಕ್ಕ," ಎಂದಳು ನಾಗಕ್ಕ. "ಬೆಳಿಗ್ಗೆ ನಾನೇ ಕಳಿಸ್ದೆ."

ಬಸ್ಸು ಕೆರೆ ಏರಿಯ ಮೇಲೆ ಹಾರನ್ ಹೊಡೆಯಿತು. ವೀರಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಚೀಲದ ತಳದಲ್ಲಿ ಕುಂಕುಮದ ಭರಣಿ ಹುಡುಕತೊಡಗಿದಳು.