ಊರಿಗೆ ಹೊರಟ ಶವಪೆಟ್ಟಿಗೆ

ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಮ್ಯಾಲಕಿ ಟಿಯರ್ನಿ ಎದೆನೋವಿನಿಂದ ಸತ್ತಾಗ ಹೆಂಡತಿ ಹನೋರಾಗೆ ಒಂದೇ ಚಿಂತೆ: ಅವನನ್ನು ಐರ್ಲೆಂಡಿನಲ್ಲಿ ಅವನ ತಾಯಿಯಿರುವ ಊರಿನ ಮಣ್ಣಿಗೆ ಮುಟ್ಟಿಸಬೇಕು. "ಬರುವಾಗ ಹಡಗಲ್ಲಿ ನಿಂತ್ಕೊಂಡೇ ಬಂದೆ ಕಣೇ, ಹೋಗುವಾಗ ಕಾಲು ಚಾಚಿ ಮಲಗಿ ಹೋಗ್ತೀನಿ" ಎಂದು ನಗೆಯಾಡುತ್ತಿದ್ದ. ನಗುತ್ತಲೇ ಅವಳಿಂದ ಮಾತು ತೆಗೆದುಕೊಂಡಿದ್ದ.

ಪೆಟ್ಟಿಗೆ ಕಳಿಸುವ ಹೊಣೆ ನಮ್ಮದು ಎಂದು ಡೆವ್ಲಿನ್ ಬಂದ. ಐರ್ಲೆಂಡಿನಿಂದ ಇಂಗ್ಲಿಷರನ್ನು ಓಡಿಸಲು ಆಣೆಯಿಟ್ಟಿದ್ದ ಗುಪ್ತ ಸಂಘದ ಮುಖಂಡ ಅವನು, ಮ್ಯಾಲಕಿಯೂ ಅದರಲ್ಲಿದ್ದ. ಆದರೆ ಪೆಟ್ಟಿಗೆಯೊಳಗೆ ಹೆಣದ ಬದಲು ಬಂದೂಕುಗಳು ಹೋಗುತ್ತವಂತೆ. ಹೆಣಕ್ಕೆ ಇಲ್ಲಿಯೇ, ಬೇರೊಬ್ಬನ ಹೆಸರಿನಲ್ಲಿ ಗುಂಡಿ ತೋಡುತ್ತಾರಂತೆ. ಹನೋರಾ ಅವನನ್ನು ಬಾಗಿಲಾಚೆ ಅಟ್ಟಿದಳು. ಮರುದಿನ ತಾನೇ ಕರೆಸಿ ಒಪ್ಪಿದಳು. ಗಂಡನಿಗೆ ಆಸೆ ಎರಡಿದ್ದವು: ಊರ ಮಣ್ಣು ಸೇರುವುದು, ಆ ಮಣ್ಣು ಊರವರದೇ ಆಗುವುದು. ಒಂದನ್ನಾದರೂ ಉಳಿಸಬೇಕಲ್ಲ. ದೇಶಕ್ಕಾಗಿ ಪ್ರಾಣ ಕೊಡುತ್ತೇವೆಂದು ಗಂಡಸರು ಎದೆಯುಬ್ಬಿಸುತ್ತಾರೆ. ಹೆಣವನ್ನೂ ಕೊಡಬೇಕಾದವರು ಮನೆಯ ಹೆಂಗಸರು.

ಐರ್ಲೆಂಡಿನವರಲ್ಲಿ ಸತ್ತವನ ಹೆಸರು ಹಿಡಿದು ಕರೆದು, ಹಾಡಿಕೊಂಡು ಅಳದೆ ಮಣ್ಣು ಮಾಡುವುದಿಲ್ಲ. ಆದರೆ ಬೇರೊಬ್ಬನ ಹೆಸರಿನ ಗುಂಡಿಯ ಮುಂದೆ ನಿಂತು ಮ್ಯಾಲಕಿಯನ್ನು ಕರೆಯುವುದು ಹೇಗೆ? ಪೆಟ್ಟಿಗೆ ಹೊರಡುವ ದಿನ ಬೆಳಿಗ್ಗೆ ಹನೋರಾ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು, ಮೂಕಿಯ ಹಾಗೆ ಒಂದು ಹಿಡಿ ಮಣ್ಣು ಹಾಕಿ ಬಂದಳು.

ಮಧ್ಯಾಹ್ನ ಹಡಗುಕಟ್ಟೆಯಲ್ಲಿ ಪೆಟ್ಟಿಗೆ ಹೊತ್ತವರು ಏದುಸಿರು ಬಿಡುವುದನ್ನು ಹಡಗಿನ ಇಂಗ್ಲಿಷ್ ಅಧಿಕಾರಿ ಕಂಡ. ಇಳಿಸಿ, ಬಿಚ್ಚಿ ತೋರಿಸಿ ಎಂದ. ಡೆವ್ಲಿನ್ ಒಂದು ಹೆಜ್ಜೆ ಹಿಂದೆ ಸರಿದ.

ಹನೋರಾ ಪೆಟ್ಟಿಗೆಯ ಮೇಲೆ ಬಿದ್ದಳು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೆಸರು ಹೊರಬಂತು.

"ಮ್ಯಾಲಕೀ, ಎದ್ದೇಳೋ. ಬಾವಿ ದಾಟಿದ್ರೆ ನಿಮ್ಮಮ್ಮನ ಬಾಗಿಲು. ಒಲೆ ಆರಿಸ್ದೆ ಕಾಯ್ತಾ ಕೂತಿದ್ದಾಳೆ. ನೀನೇ ಹೋಗೋ, ನೀನೇ ಹೋಗೋ."

ಕಟ್ಟೆಯ ಕೂಲಿಗಳೆಲ್ಲ ಕಣ್ಣೊರೆಸಿಕೊಂಡರು. ಅಧಿಕಾರಿ ಟೋಪಿ ತೆಗೆದು ಪಕ್ಕಕ್ಕೆ ಸರಿದ. ಪೆಟ್ಟಿಗೆ ಹಡಗು ಸೇರಿತು.

ಹಡಗು ಬಿಟ್ಟ ಮೇಲೆ ಡೆವ್ಲಿನ್ ಹತ್ತಿರ ಬಂದು ಮೆಲ್ಲಗೆ, "ಎಂಥಾ ನಾಟಕ ಆಡಿದೆ ತಾಯಿ, ನಮ್ಮನ್ನೆಲ್ಲ ಉಳಿಸಿಬಿಟ್ಟೆ" ಎಂದ.

ಹನೋರಾ ಅವನನ್ನೇ ನೋಡಿದಳು. "ಮಗನ ಮುಖ ಒಂದ್ಸಲ ತೋರಿಸ್ರಪ್ಪಾ ಅಂತ ಆ ಮುದುಕಿ ಕೇಳಿದ್ರೆ, ಅಲ್ಲಿ ಯಾರು ನಾಟಕ ಆಡ್ತಾರೆ?"

ಅವಳು ಶಾಲು ಹೊದ್ದುಕೊಂಡು, ಬೇರೊಬ್ಬನ ಹೆಸರಿನ ಗುಂಡಿಯ ಕಡೆಗೆ ನಡೆದಳು.