ಬಾಗಿಲು ತಟ್ಟದ ಮನೆ

ಅಧ್ಯಕ್ಷರ ಚುನಾವಣೆ ಬಂದರೆ ನಮ್ಮೂರು ಹಾರ್ಲೋ ಕ್ರೀಕಿನ ಕಡೆ ಯಾರೂ ತಲೆ ಹಾಕುವುದಿಲ್ಲ. ಮೂವತ್ತೊಂದು ವರ್ಷದಿಂದ ಪಕ್ಷಕ್ಕೆ ಚಾಕರಿ ಮಾಡುತ್ತಿರುವ ನಾನು, ಲೋರ್ನಾ ಬ್ರಾಟ್ವೋಲ್ಡ್, ಇವತ್ತಿನವರೆಗೆ ಒಬ್ಬ ಅಭ್ಯರ್ಥಿಯ ಮುಖವನ್ನೂ ಹತ್ತಿರದಿಂದ ಕಂಡಿಲ್ಲ. ಇಲಿನಾಯ್ ರಾಜ್ಯ ಹೇಗೂ ನಮ್ಮ ಪಕ್ಷದ್ದೇ. ಒಂದು ವೋಟಿನಿಂದ ಗೆದ್ದರೂ ಹತ್ತು ಲಕ್ಷದಿಂದ ಗೆದ್ದರೂ ಅಧ್ಯಕ್ಷರನ್ನು ಆರಿಸುವಲ್ಲಿ ರಾಜ್ಯಕ್ಕಿರುವ ಪಾಲು ಪೂರ್ತಿ ಗೆದ್ದವರಿಗೇ. ಅಂದಮೇಲೆ ತುಂಬಿದ ಕೊಡಕ್ಕೆ ಯಾರು ನೀರು ಹೊರುತ್ತಾರೆ? ಗೆಲ್ಲುವವರು ಗೆದ್ದಾಯಿತೆಂದು ಬರುವುದಿಲ್ಲ, ಸೋಲುವವರು ಸೋತಾಯಿತೆಂದು ಬರುವುದಿಲ್ಲ.

ಉತ್ತರಕ್ಕೆ ನಲವತ್ತು ನಿಮಿಷ ಹೋದರೆ ವಿಸ್ಕಾನ್ಸಿನ್. ಅಲ್ಲಿ ಯಾರು ಗೆಲ್ಲುತ್ತಾರೆಂದು ದೇವರಿಗೂ ಗೊತ್ತಿಲ್ಲ. ಹಾಗಾಗಿ ಅಲ್ಲಿಯ ಹಾಲಿನ ಡೇರಿಗಳಿಗೂ ಅಭ್ಯರ್ಥಿಗಳು ಹೋಗಿ ಹಸುವಿನ ಬೆನ್ನು ಸವರುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಗೊಣಗುತ್ತಲೇ ಪ್ರತಿ ಸಲವೂ ನಮ್ಮೂರಿನವರನ್ನು ಬಸ್ಸಿನಲ್ಲಿ ತುಂಬಿಕೊಂಡು ಅದೇ ವಿಸ್ಕಾನ್ಸಿನ್ನಿಗೆ ಹೋಗಿ, ಕಂಡವರ ಬಾಗಿಲು ತಟ್ಟಿ, ವೋಟು ಹಾಕಿ ಬನ್ನಿ ಎಂದು ಬೇಡುತ್ತಿದ್ದೆ.

ಆ ವರ್ಷ ನಮ್ಮೂರಿನ ಮತಪತ್ರದ ತುದಿಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಊರಿನ ಆಂಬುಲೆನ್ಸ್ ಉಳಿಯಬೇಕಾದರೆ ಮನೆ ತೆರಿಗೆ ಸ್ವಲ್ಪ ಹೆಚ್ಚಬೇಕು: ಹೌದೋ, ಅಲ್ಲವೋ? ಆಂಬುಲೆನ್ಸ್ ಎಂದರೆ ನನ್ನ ಗೆಳತಿ ವರ್ನಾ ಹೌಸಿಂಗಾ ಮತ್ತು ಅವಳ ಜೊತೆಯ ಐದು ಜನ. ಎರಡು ವರ್ಷದ ಹಿಂದೆ ನನ್ನ ಗಂಡ ಓರಿನ್ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಾಗ ಆರು ನಿಮಿಷದಲ್ಲಿ ಬಂದವಳು ಅವಳೇ. ನಮ್ಮೂರಿನ ಗಾಡಿ ಇಲ್ಲದಿದ್ದರೆ ಪಕ್ಕದ ಊರಿನ ಗಾಡಿ ಬರಲು ಮುಕ್ಕಾಲು ಗಂಟೆ.

ಅಕ್ಟೋಬರ್ ಇಡೀ ವರ್ನಾ ಮತದಾರರ ಪಟ್ಟಿ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿದಳು. ನಮ್ಮ ಬೀದಿಯಲ್ಲಿ ಎಡಗಡೆಯ ಮನೆಗೆ ಹೋದಳು, ಬಲಗಡೆಯ ಮನೆಗೆ ಹೋದಳು, ನನಗೆ ಮಾತ್ರ ದೂರದಿಂದಲೇ ಕೈ ಬೀಸಿದಳು.

"ಏನೇ, ನನ್ ಮನೆ ಕಣ್ಣಿಗೆ ಕಾಣ್ಲಿಲ್ವಾ?" ಎಂದೆ.

"ನಿನ್ ಮೆಟ್ಲು ಹತ್ತಿ ಮಂಡಿ ಯಾಕೆ ಸವೆಸ್ಕೊಳ್ಲಿ? ನಿನ್ ವೋಟು ನಮ್ದೇ ಅಲ್ವೇನೇ!" ಎಂದು ನಕ್ಕಳು.

ನಾನು ಹಿಗ್ಗಿದೆ.

ಚುನಾವಣೆಯ ದಿನ ಮತಗಟ್ಟೆ ತೆರೆಯುವ ಮೊದಲೇ ನಮ್ಮ ಬಸ್ಸು ಹೊರಟಿತು. ಮುಂಚಿತವಾಗಿ ವೋಟು ಹಾಕಲು ನಲವತ್ತು ದಿನ ಅವಕಾಶವಿತ್ತು. ನಾಳೆ ನಾಳೆ ಎಂದು ನಾನು ಹೋಗಿರಲಿಲ್ಲ. ಇಪ್ಪತ್ತಮೂರು ಜನರಲ್ಲಿ ಹದಿನಾಲ್ಕು ಜನರದ್ದು ಇದೇ ಕತೆ. ಸಂಜೆ ಐದಕ್ಕೆ ಅಲ್ಲಿಂದ ಹೊರಟರೆ ಆರರೊಳಗೆ ಊರು, ಏಳರವರೆಗೆ ಮತಗಟ್ಟೆ ತೆರೆದಿರುತ್ತದೆ ಎಂಬ ಲೆಕ್ಕ.

ಐದು ಗಂಟೆಗೆ ಅಲ್ಲಿಯ ಪಕ್ಷದ ಕಚೇರಿಯ ಹೆಂಗಸು ಓಡಿಬಂದಳು. "ಮೇಡಂ, ಇನ್ನೆರಡು ಬೀದಿ ಉಳಿದ್ಬಿಟ್ಟಿದೆ. ನಮ್ಮಲ್ಲಿ ಎಂಟರ ತನಕ ಟೈಮಿದೆ. ನೀವ್ ಹೋದ್ರೆ ನಂಗ್ಯಾರೂ ಇಲ್ಲ."

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಮುದುಕ ಡೆಲ್ಮರ್ ಗಡಿಯಾರ ನೋಡಿದ. "ಲೋರ್ನಾ, ನಮ್ಮೂರಲ್ಲಿ ಏಳಕ್ಕೇ ಮುಚ್ತಾರೆ ಕಣಮ್ಮ. ವರ್ನಾಳ ಆಂಬುಲೆನ್ಸ್ ಪ್ರಶ್ನೆ ಒಂದಿದೆಯಲ್ಲ."

ನಾನು ಆಡಿದ ಮಾತು ಈಗಲೂ ಕಿವಿಯಲ್ಲಿದೆ. "ಅಯ್ಯೋ, ನಮ್ ರಾಜ್ಯದಲ್ಲಿ ನಿನ್ ವೋಟು ಯಾರಿಗೆ ಬೇಕಪ್ಪಾ? ವರ್ನಾಳ್ದು ಗೆದ್ದಾಗಿದೆ. ಆಂಬುಲೆನ್ಸ್ ಬೇಡ ಅನ್ನೋ ಪಾಪಿ ಯಾರಿದಾನೆ? ನಡಿ, ಎರಡೇ ಬೀದಿ."

ಎಲ್ಲರೂ ನಕ್ಕರು, ಡೆಲ್ಮರನೂ ನಕ್ಕ. ಎರಡು ಬೀದಿ ಐದಾಯಿತು. ಊರಿನ ಮತಗಟ್ಟೆ ಮುಚ್ಚುವ ಹೊತ್ತಿಗೆ ನಾನು ಯಾರದೋ ಅಂಗಳದಲ್ಲಿ ನಿಂತು, ‘ಒಂದೊಂದು ವೋಟಿಗೂ ಬೆಲೆಯಿದೆ’ ಎಂದು ಉಪದೇಶ ಮಾಡುತ್ತಿದ್ದೆ.

ಆಂಬುಲೆನ್ಸ್ ಒಂಬತ್ತು ವೋಟಿನಿಂದ ಸೋತಿತು.

ಒಂಬತ್ತು! ನನ್ನ ಬಸ್ಸಿನಲ್ಲಿದ್ದ, ವೋಟು ಹಾಕದ ಹದಿನಾಲ್ಕು ಜನ ಸಾಕಾಗಿತ್ತು. ಬರದ ಅಭ್ಯರ್ಥಿಗಳನ್ನು ಮೂವತ್ತೊಂದು ವರ್ಷ ಬೈದವಳು ನಾನು. ಅವರು ನನ್ನ ಊರಿಗೆ ಮಾಡಿದ್ದನ್ನೇ ನಾನು ವರ್ನಾಳಿಗೆ ಮಾಡಿದ್ದೆ. ನಾಚಿಕೆಯಿಂದ ಹತ್ತು ದಿನ ಅಂಗಡಿಗೂ ಓರಿನ್ನನ್ನೇ ಕಳಿಸಿದೆ. ಅವನು ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿದಾಗಲೆಲ್ಲ ಮುಕ್ಕಾಲು ಗಂಟೆ ಎಂಬ ಮಾತು ನೆನಪಾಗುತ್ತಿತ್ತು.

ಹನ್ನೊಂದನೆಯ ದಿನ ನಿಂಬೆಹಣ್ಣಿನ ಕೇಕು ಮಾಡಿಕೊಂಡು ವರ್ನಾಳಲ್ಲಿಗೆ ಹೋದೆ. ಅವಳು ಆಂಬುಲೆನ್ಸಿನ ಶೆಡ್ಡಿನಲ್ಲಿ ಗಾಡಿಯೊಳಗಿನ ಆಮ್ಲಜನಕದ ಸಿಲಿಂಡರುಗಳನ್ನು ಇಳಿಸುತ್ತಿದ್ದಳು. ಕೇಕನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ.

"ವರ್ನಾ, ನಾನು ವೋಟು ಹಾಕ್ಲಿಲ್ಲ," ಎಂದೆ. "ಬಸ್ಸಲ್ಲಿದ್ದೋರನ್ನೂ ನಾನೇ ತಡೆದೆ."

"ಗೊತ್ತು."

ಬೆಂಚಿನ ಮೇಲೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಚುನಾವಣಾ ಕಚೇರಿಯ ಪಟ್ಟಿ ಬಿದ್ದಿತ್ತು. ಯಾರಿಗೆ ಹಾಕಿದರು ಎಂಬುದು ಗುಟ್ಟು, ಯಾರು ಬಂದರು ಯಾರು ಬರಲಿಲ್ಲ ಎಂಬುದು ಗುಟ್ಟಲ್ಲ. ಕೇಳಿದರೆ ಕೊಡುತ್ತಾರೆ. ಪಕ್ಷದ ಕೆಲಸದವಳಾಗಿ ನನಗೆ ಇದು ಮರೆತಿದ್ದಾದರೂ ಹೇಗೆ?

"ಮೊದ್ಲು ಮಿಲ್ ರಸ್ತೆಯೋರೇ ಬಂದಿಲ್ವೇನೋ ಅಂತ ಅನುಮಾನ ಬಂತು," ಎಂದಳು ವರ್ನಾ. "ಮೂರ್ ಮೂರ್ ಸಲ ಹೋಗಿದ್ದೆ ಆ ಮನೆಗಳಿಗೆ. ಒಬ್ಬರೂ ತಪ್ಪಿಲ್ಲ ಕಣೇ, ಎಲ್ಲಾ ಬಂದಿದಾರೆ."

"ಬೈದ್ಬಿಡೇ ನನ್ನ."

ಅವಳು ಬೈಯಲಿಲ್ಲ. ಓರಿನ್ ಗುಳಿಗೆ ತಪ್ಪದೆ ತಗೊಳ್ತಿದಾನಾ ಎಂದು ಕೇಳಿದಳು. ಆಮೇಲೆ ಕೈ ಒರೆಸಿಕೊಂಡು, ತನ್ನ ಹಳೆಯ ಪಟ್ಟಿಯನ್ನು ಬಿಡಿಸಿ, ಪೆನ್ಸಿಲ್ ತೆಗೆದಳು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮತಕ್ಕೆ ಹಾಕುವ ಅವಕಾಶವಿದೆಯಂತೆ. ಅಲ್ಲಿಯವರೆಗೆ ಗಾಡಿ ಓಡುವುದಿಲ್ಲ.

ನನ್ನ ಹೆಸರಿನ ಮುಂದೆ ‘ನಮ್ಮವಳು’ ಎಂದು ಹಾಕಿದ್ದ ಗುರುತನ್ನು ರಬ್ಬರಿನಿಂದ ಉಜ್ಜಿದಳು. ಅಲ್ಲಿ ಮಿಲ್ ರಸ್ತೆಯವರ ಹೆಸರುಗಳ ಮುಂದಿದ್ದ ಪ್ರಶ್ನೆ ಚಿಹ್ನೆಯನ್ನೇ ಬರೆದಳು.

"ಬರೋ ಸಲ ನಿನ್ ಮನೆಗೂ ಬರ್ತೀನಿ ಬಿಡು," ಎಂದಳು ವರ್ನಾ. "ಮೂರ್ ಸಲ ಬರ್ತೀನಿ."