ಟಿಲ್ಲರಿನ ಹೊಟ್ಟೆಯಲ್ಲಿ ಮೀನೆಣ್ಣೆ

ಟಿಲ್ಲರಿನ ಅಡಿಯ ಬೋಲ್ಟು ಬಿಚ್ಚಿದರೆ ಎಣ್ಣೆ ಸುರಿಯಲೇ ಇಲ್ಲ. ಹಲಸಿನ ಮೇಣದಂಥ ಕಂದು ಲೋಳೆಯೊಂದು ಎಳೆಯಾಗಿ ಇಳಿದು, ಅರ್ಧದಲ್ಲಿ ನಿಂತು ತೂಗಾಡಿತು. ಹಿಂದೆಯೇ ನಾತ ಬಂತು. ಸುಕ್ರ ಮೂಗಿಗೆ ಕೈ ಒಯ್ದ. ಆ ಕೈಗೇ ಮೇಣ ಹತ್ತಿತ್ತು. ಎದ್ದು ಹೋಗಿ ತೆಂಗಿನ ಬುಡದಲ್ಲಿ ಬೆಳಗಿನ ಗಂಜಿಯನ್ನೆಲ್ಲ ಕಾರಿದ.

ಆ ಟಿಲ್ಲರ್ ಸುಕ್ರನ ಅಪ್ಪ ಬೊಮ್ಮಯ್ಯ ತಂದದ್ದು. ಕಿನ್ನರ ಎಂಬ ಊರಿನ ಅವರ ಕೇರಿಗೆ ಬಂದ ಮೊದಲ ಟಿಲ್ಲರ್ ಅದು. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಲ್ಲಾಪುರದ ಕಾಲನಿಯಲ್ಲಿ ಪಂಪು ರಿಪೇರಿಯ ದಿನಗೂಲಿಗೆ ಹೋಗುವ ಸುಕ್ರ, ಈ ಸಲ ಮುಂಗಾರಿನ ಮಿರಗದ ಮಳೆ ಬೀಳುವುದರೊಳಗೆ ಅದನ್ನು ಹೇಗಾದರೂ ಓಡಿಸಬೇಕೆಂದು ಹಟ ತೊಟ್ಟಿದ್ದ. ಕೊಟ್ಟಿಗೆಯಿಂದ ಎಳೆದು ತಂದು ತಿರುವಿದರೆ ಸ್ಟಾರ್ಟ್ ಮಾಡುವ ಹ್ಯಾಂಡಲ್ ಮಿಸುಕಲಿಲ್ಲ. ಎಂಜಿನ್ ಕಚ್ಚಿಕೊಂಡಿತ್ತು.

ಕೊನೆಯ ಎರಡು ವರ್ಷ ಅದನ್ನು ದುಡಿಸಿದವನು ತಂಗಿ ಕಾಮಿಯ ಗಂಡ ಗಣೇಶ. ಸುಕ್ರನಿಗೆ ಇಷ್ಟು ಸಾಕಾಯಿತು. ಮುಚ್ಚಳ ಬಿಚ್ಚುವ ಮೊದಲೇ, ಹೋದ ಭಾನುವಾರ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎದ್ದು ನಿಂತು, "ನಮ್ಮಪ್ಪನ ಮಿಷನ್ ಕೊಂದು ತಂದು ಕಟ್ಟಿ ಹೋದ ಕಳ್ಳ ಇಂವ" ಎಂದು ಬಾವನ ಮುಖಕ್ಕೆ ಬೆರಳು ತೋರಿಸಿಬಿಟ್ಟಿದ್ದ. ಗಣೇಶ ಎಲೆ ಮಡಚಿ ಎದ್ದು ಹೋಗಿದ್ದ.

ಈಗ ಈ ಮೇಣ ಕಂಡು ಸುಕ್ರನ ಹೇಸಿಗೆ ದುಪ್ಪಟ್ಟಾಯಿತು. "ಹಲ್ಕಟ್! ಇದ್ರ ಹೊಟ್ಟಿಗೆ ಎಂತಾ ಹೊಯ್ದ್ನೋ ಏನೋ!" ಎನ್ನುತ್ತ ಎಂಜಿನ್ನಿನ ಹೆಡ್ ಬಿಚ್ಚಿದ. ಪಿಸ್ಟನ್ ಸಿಲಿಂಡರಿನ ಒಳಗೋಡೆಗೆ, ಲೈನರಿಗೆ, ಅಂಟಿ ಕೂತಿತ್ತು. ಮರದ ತುಂಡಿಟ್ಟು ಬಡಿದು ಹೊರಗೆ ತೆಗೆದರೆ ರಿಂಗುಗಳ ಸಂದಿಯಲ್ಲಿ ಸುಟ್ಟ ಬೆಲ್ಲದಂತೆ ಹೊಪ್ಪಳೆಗಟ್ಟಿದ ಕಸರು. ಹೊಗೆ ಕೊಳವೆಯಿಂದ ಒಳನುಗ್ಗಿದ್ದ ಜಿರಲೆಗಳೂ ಪಿಸ್ಟನ್ ನೆತ್ತಿಯ ಕಸರಿನಲ್ಲಿ ಸತ್ತು ಹುದುಗಿದ್ದವು. ನೊಣ ಮುತ್ತಿದವು. ಬೆಕ್ಕೊಂದು ಬಂದು, ಮೇಣ ಹಿಡಿಯಲು ಇಟ್ಟಿದ್ದ ತಗಡಿನ ತಟ್ಟೆ ನೆಕ್ಕತೊಡಗಿತು.

ಅಂಗಳಕ್ಕೆ ಬಂದ ತಾಯಿ ಬೊಮ್ಮಿ ಮೂಗರಳಿಸಿದಳು.

"ತಾರ್ಲೆ ಎಣ್ಣೆ ಅಲ್ವನೋ ಇದು?"

"ಎಂತಾ ತಾರ್ಲೆ?"

"ಮೀನೆಣ್ಣೆ. ದೋಣಿಗೆ ಬಳಿಯೂದು. ಗಣೇಶ ಮಿಷನ್ ತಂದು ಬಿಟ್ಟ ಮೇಲೆ ನಿಮ್ಮಪ್ಪನೇ ಹೊಯ್ದದ್ದು. ಇದ್ದ ಕರಿ ಎಣ್ಣೆ ಚೆಲ್ಲಿ, ಕುತ್ತಿಗೆ ಮಟ ತುಂಬ್ಸಿ, ಒಳಗೆಲ್ಲಾ ತಾಗ್ಲಿ ಹೇಳಿ ಒಂದು ಗಳಿಗೆ ಓಡ್ಸಿ ನಿಲ್ಸಿದ್ರು. ಮೂವತ್ತು ವರ್ಷದ ದೋಣಿನೇ ಲಡ್ಡಾಗಿ ಹಾಳಾಗ್ಲಿಲ್ಲ, ಇದೆಂತಕೆ ಆಗ್ತದೆ ಅಂದ್ರು."

ಸುಕ್ರ ಸ್ಪ್ಯಾನರ್ ಕೆಳಗಿಟ್ಟ. "ಮೊದ್ಲೇ ಹೇಳೂಕೆ ಎಂತಾ ಆಗಿತ್ತು ನಿಂಗೆ?"

"ನೀ ಕೇಳ್ದ್ಯಾ? ಮದುವೆ ಮನೇಲಿ ಕೂಗ್ದೆ. ಕೂಗೂವವ್ರಿಗೆ ಯಾರು ಹೇಳೂದು?"

ದೋಣಿಯನ್ನು ಮಳೆಗಾಲಕ್ಕೆ ಮೇಲೆಳೆದು ಎಣ್ಣೆ ಬಳಿದಿಡುವಂತೆ ಅಪ್ಪ ಟಿಲ್ಲರಿಗೂ ಉಪಚಾರ ಮಾಡಿದ್ದ. ಸತ್ತ ಅಪ್ಪನನ್ನು ಬೈಯುವಂತಿಲ್ಲ. ಬಾವನಿಗೆ ಬೈದದ್ದನ್ನು ನುಂಗುವಂತಿಲ್ಲ. ಸುಕ್ರನಿಗೆ ತನ್ನ ಬಾಯಿಯೇ ಆ ತಗಡಿನ ತಟ್ಟೆಯಷ್ಟು ಹೊಲಸಾಗಿ ಕಂಡಿತು.

ಐದು ದಿನ ಒಂದೊಂದೇ ಭಾಗವನ್ನು ಡೀಸೆಲ್ಲಿನಲ್ಲಿ ನೆನೆಸಿ, ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದ. ಉಗುರಿನ ಸಂದಿಯಲ್ಲಿ ಕೂತ ನಾತ ಹೋಗಲಿಲ್ಲ. ಅನ್ನ ಕಲಸಿದರೆ ಅನ್ನವೂ ನಾರುತ್ತಿತ್ತು. ಹೆಂಡತಿ ಯೋಗಿತಾ ಚಾಪೆಯನ್ನು ಜಗಲಿಗೆ ಎಸೆದಳು. "ಆ ಟಿಲ್ಲರ್ ಮಗ್ಗುಲಲ್ಲೇ ಮಲ್ಕಣಿ. ನಿಮ್ಮಿಬ್ರದ್ದೂ ಒಂದೇ ಪರಿಮಳ."

ಅಂಕೋಲೆಗೆ ಹೋಗಿ ಹೊಸ ಲೈನರ್, ಪಿಸ್ಟನ್, ರಿಂಗುಗಳನ್ನು ತಂದ. ಬಸ್ಸಿನಲ್ಲಿ ಪಕ್ಕದವನು ಎದ್ದು ಹೋಗಿ ನಿಂತುಕೊಂಡ. ಕೂಡಿಸಲು ಮತ್ತೆ ಎರಡು ದಿನ ಹಿಡಿಯಿತು. ಹ್ಯಾಂಡಲ್ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಅಂತೂ ಹಿಡಿದುಕೊಂಡಿತು. ಹೊಗೆ ಕೊಳವೆಯೊಳಗೆ ಉಳಿದಿದ್ದ ಮೀನೆಣ್ಣೆ ಸುಟ್ಟು ಕೇರಿಯೆಲ್ಲ ಕಮಟು ವಾಸನೆ ಹಬ್ಬಿತು.

ಸುಕ್ರ ತನ್ನ ಗದ್ದೆಗೆ ಇಳಿಯಲಿಲ್ಲ. ಎರಡು ಗದ್ದೆ ದಾಟಿ ಗಣೇಶನ ಗದ್ದೆಗೆ ಟಿಲ್ಲರ್ ಇಳಿಸಿ ಹೂಡತೊಡಗಿದ. ಎರಡು ಸುತ್ತು ಮುಗಿಯುವಷ್ಟರಲ್ಲಿ ಹಿಂದೆ ನಾಯಿಗಳ ಮೆರವಣಿಗೆ. ಬದುವಿನ ಮೇಲೆ ನೆರೆಮನೆಯ ಹೊನ್ನು ಸೆರಗನ್ನು ಮೂಗಿಗೊತ್ತಿ ನಿಂತಿದ್ದಳು, ಇನ್ನೂ ನಾಲ್ಕೈದು ಜನ. ಗಣೇಶ ಜಗಲಿಯಿಂದ ಇಳಿದು ಬಂದ.

"ಏ ಬಾವ, ಮನೆ ಬಾಗ್ಲಲ್ಲಿ ಮೀನು ಸುಡೂಕೆ ಬಂದ್ಯಾ?"

"ಅಪ್ಪ ಹಾಕಿದ್ದು! ನೀ ಅಲ್ಲ!" ಸುಕ್ರ ಎಂಜಿನ್ನಿನ ಸದ್ದಿನ ನಡುವೆ ಕೂಗಿದ.

"ಕೇಳೂದಿಲ್ಲ. ಬಂದ್ ಮಾಡಿ ಹೇಳು."

ನಿಲ್ಲಿಸಿದರೆ ಮತ್ತೆ ಹಿಡಿಯುತ್ತದೆಂಬ ಭರವಸೆ ಇರಲಿಲ್ಲ. ಟಿಲ್ಲರ್ ಗದ್ದೆಯಲ್ಲೇ ಕೂತರೆ ನಗುವವರು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಸುಕ್ರ ಎಂಜಿನ್ ಆರಿಸಿದ. ಸದ್ದು ಅಡಗಿತು, ನಾತ ಉಳಿಯಿತು.

"ಮೀನೆಣ್ಣೆ ಅಪ್ಪ ಹೊಯ್ದದ್ದು. ನಾ ನೋಡ್ದೇ ಬೈದೆ. ಮದುವೆ ಮನೇಲಿ ಆಡಿದ್ದು ಸುಳ್ಳು."

"ಹೊನ್ನಕ್ಕಾ, ಕೇಳ್ತಾ?" ಗಣೇಶ ಬದುವಿನತ್ತ ತಿರುಗಿದ.

"ಕೇಳ್ತು ಮಾರಾಯಾ. ನಾತ ತಡ್ಯೂಕಾಗೂದಿಲ್ಲ, ಬೇಗ ಮುಗ್ಸಿ."

ಗಣೇಶ ನಗಲಿಲ್ಲ. ಕಾಲಿನ ಮಣ್ಣನ್ನು ಬದುವಿಗೆ ಒರೆಸಿದ. "ಪಂಕ್ತಿಲಿದ್ದವ್ರು ಎಲ್ಲಾ ಇಲ್ಲಿಲ್ಲ. ಅವ್ರವ್ರ ಮನೆಗೂ ಹೋಗಿ ಹೇಳ್ಬೇಕು."

"ಹೇಳ್ತೆ."

"ಸ್ನಾನ ಮಾಡ್ಕಂಡು ಹೋಗು."

ಸುಕ್ರ ಬಗ್ಗಿ ಹ್ಯಾಂಡಲ್ ಸಿಕ್ಕಿಸಿ ತಿರುವಿದ. ಎಂಜಿನ್ ಹಿಡಿಯಲಿಲ್ಲ. ಇನ್ನೊಮ್ಮೆ ತಿರುವಿದ. ಗಣೇಶ ಕೈ ಕಟ್ಟಿಕೊಂಡು ನೋಡುತ್ತಲೇ ನಿಂತಿದ್ದ.